ವ್ಯವಸಾಯದ ಕಾಲೇಜನ್ನು ಆರಿಸುವ ಬಗೆಯೂ ಪ್ರವೇಶದ ಕ್ರಮವೂ

ಜಾತ್ರೆಯಲ್ಲಿ ಒಂದು ಜೊತೆ ಎತ್ತುಗಳನ್ನು ಕೊಳ್ಳಲು ಹೊರಟ ರೈತನು ಎಷ್ಟು ಎಚ್ಚರಿಕೆಯುಳ್ಳವನಾಗಿರುತ್ತಾನೆಂಬುದನ್ನು ನಮ್ಮ ವಾಚಕರಿಗೆ ಹೇಳಬೇಕಾದುದಿಲ್ಲ. ಹಲ್ಲನ್ನು ಎಣಿಸುತ್ತಾನೆ, ಸುಳಿಯನ್ನು ನೋಡುತ್ತಾನೆ, ಗೊರಸನ್ನು ಪರೀಕ್ಷಿಸುತ್ತಾನೆ, ಹತ್ತು ಹೆಜ್ಜೆ ನಡೆಯಿಸಿ ನಡಿಗೆಯನ್ನು ಗಮನಿಸುತ್ತಾನೆ, ಇಷ್ಟಾದರೂ ತನ್ನ ಕಣ್ಣೊಂದನ್ನೇ ನಂಬದೆ ಊರಿನಲ್ಲಿ ತಿಳಿದವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿರುತ್ತಾನೆ. ಎತ್ತಿನ ದುಡಿಮೆಯಾದರೋ ಕೆಲವು ವರ್ಷಗಳದು. ಅದೇ ರೈತನು ತನ್ನ ಮಗನನ್ನಾಗಲಿ ಮಗಳನ್ನಾಗಲಿ ನಾಲ್ಕು ವರ್ಷ ಕಾಲೇಜಿಗೆ ಕಳುಹಿಸುವ ಸಂದರ್ಭದಲ್ಲಿ ಮಾತ್ರ, ಯಾರೋ ಹೇಳಿದ ಹೆಸರನ್ನು ಕೇಳಿ, ಕಟ್ಟಡದ ಚಿತ್ರವನ್ನು ನೋಡಿ, ಕಡೆಯ ವಾರದಲ್ಲಿ ಕಾಗದಪತ್ರಗಳಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವುದುಂಟು. ಇದರಿಂದ ಯೋಗ್ಯತೆಯುಳ್ಳ ಎಷ್ಟೋ ಮಕ್ಕಳಿಗೆ ತಮಗೆ ನ್ಯಾಯವಾಗಿ ದೊರೆಯಬೇಕಾದ ಸ್ಥಾನವು ತಪ್ಪಿಹೋಗುತ್ತಿದೆ. ಈ ನಷ್ಟವು ಒಂದು ಕುಟುಂಬದ್ದು ಮಾತ್ರವಲ್ಲ. ವಿದ್ಯೆಯನ್ನು ಕಲಿತು ಬಂದು ಊರಿನ ನೆಲವನ್ನು ತಿದ್ದಬಹುದಾಗಿದ್ದ ಒಬ್ಬರನ್ನು ಇಡೀ ಗ್ರಾಮವೇ ಕಳೆದುಕೊಂಡಂತಾಗುತ್ತದೆ. ಆದಕಾರಣ ವ್ಯವಸಾಯ ಸಂಬಂಧವಾದ ಕಾಲೇಜುಗಳನ್ನು ಪರೀಕ್ಷಿಸಿ ಆರಿಸುವ ಬಗೆಯನ್ನೂ, ಅವುಗಳಲ್ಲಿ ಪ್ರವೇಶ ಪಡೆಯುವ ಕ್ರಮವನ್ನೂ ಗ್ರಾಮದ ಯಜಮಾನರ ಮತ್ತು ಭೂಮಾಲೀಕರ ತಿಳಿವಳಿಕೆಗಾಗಿ ಇಲ್ಲಿ ಕೊಂಚ ವಿಸ್ತಾರವಾಗಿ ಬರೆಯಲಾಗಿದೆ.

ಪೂರ್ವವೃತ್ತಾಂತ

ನಮ್ಮ ನಾಡಿನಲ್ಲಿ ವ್ಯವಸಾಯ ವಿದ್ಯೆಯು ಮೊದಲಾದುದು ಹೊಲದಿಂದಲೇ ಹೊರತು ಕಟ್ಟಡದಿಂದಲ್ಲ. ೧೮೯೯ರಲ್ಲಿ ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನದವರು ಬೆಂಗಳೂರಿನ ಹೆಬ್ಬಾಳದಲ್ಲಿ ೩೦ ಎಕರೆ ಭೂಮಿಯನ್ನು ವ್ಯವಸಾಯ ಸಂಶೋಧನೆಗಾಗಿ ಕೊಡಿಸಿದರು. ರಸಾಯನ ಶಾಸ್ತ್ರಜ್ಞರಾದ ಡಾ. ಲೇಮನ್ನರು ಅಲ್ಲಿ ಮಣ್ಣು ಮತ್ತು ಬೆಳೆಗಳ ಪರೀಕ್ಷೆಗಳಿಗೆ ಅಡಿಪಾಯ ಹಾಕಿದರು. ತರುವಾಯ ಡಾ. ಕೋಲ್ಮನ್ನರ ಕಾಲದಲ್ಲಿ, ೧೯೧೩ರಲ್ಲಿ, ಅದೇ ಸ್ಥಳದಲ್ಲಿ ವ್ಯವಸಾಯದ ಶಾಲೆಯು ಪ್ರಾರಂಭವಾಯಿತು. ಅದು ೧೯೪೬ರಲ್ಲಿ ಕಾಲೇಜಾಯಿತು. ಮಾರನೆಯ ವರ್ಷ ಧಾರವಾಡದಲ್ಲಿಯೂ ವ್ಯವಸಾಯದ ಕಾಲೇಜು ಸ್ಥಾಪಿತವಾಯಿತು. ೧೯೬೪ರಲ್ಲಿ ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾನಿಲಯವೂ, ೧೯೮೬ರಲ್ಲಿ ಧಾರವಾಡದಲ್ಲಿ ಪ್ರತ್ಯೇಕ ವಿಶ್ವವಿದ್ಯಾನಿಲಯವೂ ಏರ್ಪಟ್ಟವು. ಅನಂತರ ರಾಯಚೂರಿನಲ್ಲಿ ಕೃಷಿ, ಬಾಗಲಕೋಟೆಯಲ್ಲಿ ತೋಟಗಾರಿಕೆ, ಶಿವಮೊಗ್ಗದಲ್ಲಿ ಕೃಷಿ ಮತ್ತು ತೋಟಗಾರಿಕೆ, ಬೀದರಿನಲ್ಲಿ ಪಶುವೈದ್ಯಕೀಯ ಮತ್ತು ಮೀನುಗಾರಿಕೆ, ಹೀಗೆ ಪ್ರಾಂತ ಪ್ರಾಂತಕ್ಕೂ ವಿಶ್ವವಿದ್ಯಾನಿಲಯಗಳಾದವು. ನಮ್ಮ ತಾತಂದಿರ ಕಾಲದಲ್ಲಿ ಒಂದೇ ಬಾಗಿಲು ಇದ್ದ ಕಡೆ ಈಗ ಅನೇಕ ಬಾಗಿಲುಗಳಿವೆ. ಬಾಗಿಲುಗಳು ಹೆಚ್ಚಾದಷ್ಟೂ ಆರಿಸುವವನ ಜವಾಬ್ದಾರಿಯೂ ಹೆಚ್ಚುತ್ತದೆ.

ಯಾವ ವಿದ್ಯೆಯನ್ನು ಕಲಿಸಬೇಕು

ಕಾಲೇಜನ್ನು ಕುರಿತು ಯೋಚಿಸುವುದಕ್ಕೆ ಮುಂಚೆ ವಿದ್ಯೆಯನ್ನು ಕುರಿತು ಯೋಚಿಸತಕ್ಕದ್ದು. ಬಿ.ಎಸ್ಸಿ. ಕೃಷಿ ಎಂಬ ಹೆಸರೊಂದೇ ಜನರ ಬಾಯಲ್ಲಿ ಇದೆಯಾದರೂ ಅದರ ಒಡಹುಟ್ಟಿದ ಪದವಿಗಳು ಹಲವು ಉಂಟು. ಅಡಕೆ, ಮೆಣಸು, ದ್ರಾಕ್ಷಿ, ದಾಳಿಂಬೆಗಳನ್ನು ಬೆಳೆಯುವ ಮನೆಯವರಿಗೆ ತೋಟಗಾರಿಕೆಯ ಪದವಿಯು ಹೆಚ್ಚು ಅನುಕೂಲವಾಗಬಹುದು. ಇದನ್ನು ಬಾಗಲಕೋಟೆ, ಅರಭಾವಿ, ಶಿರಸಿ, ಮೂಡಿಗೆರೆ, ಕೋಲಾರ, ಮೈಸೂರು ಮೊದಲಾದ ಕಡೆಗಳಲ್ಲಿ ಕಲಿಸುತ್ತಾರೆ. ರೇಷ್ಮೆಯ ಸೀಮೆಯವರಿಗೆ ಚಿಂತಾಮಣಿಯಲ್ಲಿ ರೇಷ್ಮೆ ಕೃಷಿಯ ಪದವಿ ಇದೆ. ಅರಣ್ಯ ಶಾಸ್ತ್ರಕ್ಕೆ ಶಿರಸಿಯೂ ಕೊಡಗಿನ ಪೊನ್ನಂಪೇಟೆಯೂ, ಯಂತ್ರ ಮತ್ತು ನೀರಾವರಿಯ ಕಡೆ ಒಲವುಳ್ಳವರಿಗೆ ಬೆಂಗಳೂರು ಮತ್ತು ರಾಯಚೂರಿನ ಕೃಷಿ ಇಂಜಿನಿಯರಿಂಗ್ ಕಾಲೇಜುಗಳೂ, ಹಾಲಿನ ಉದ್ಯಮಕ್ಕೆ ಹೆಬ್ಬಾಳದ ಡೈರಿ ವಿಜ್ಞಾನ ಕಾಲೇಜೂ, ಮೀನುಗಾರಿಕೆಗೆ ೧೯೬೯ರಲ್ಲಿ ಸ್ಥಾಪಿತವಾದ ಮಂಗಳೂರಿನ ಕಾಲೇಜೂ ಇವೆ. ಪಶುವೈದ್ಯಕೀಯವನ್ನು ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ ಮೊದಲಾದ ಕಡೆ ಕಲಿಸುತ್ತಾರೆ. ಕೃಷಿ ಮತ್ತು ತೋಟಗಾರಿಕೆಯ ಪದವಿಗಳಿಗೆ ನಾಲ್ಕು ವರ್ಷ. ಪಶುವೈದ್ಯಕೀಯಕ್ಕೆ ಒಂದು ವರ್ಷದ ಅಭ್ಯಾಸವೂ ಸೇರಿ ಐದೂವರೆ ವರ್ಷ ಹಿಡಿಯುತ್ತದೆ.

ಇಷ್ಟು ದೀರ್ಘವಾದ ವ್ಯಾಸಂಗಕ್ಕೆ ಮನಸ್ಸಿಲ್ಲದ, ಅಥವಾ ಎಸ್.ಎಸ್.ಎಲ್.ಸಿ. ಮುಗಿಸಿ ಬೇಗನೆ ಜಮೀನಿಗೆ ಹಿಂತಿರುಗಬೇಕೆಂಬ ಮಕ್ಕಳಿಗೆ ಕೃಷಿ ವಿಶ್ವವಿದ್ಯಾನಿಲಯಗಳು ಕನ್ನಡದಲ್ಲಿಯೇ ಕಲಿಸುವ ಎರಡು ವರ್ಷದ ಕೃಷಿ ಡಿಪ್ಲೊಮಾ ಇದೆ. ಇದನ್ನು ಕೀಳೆಂದು ಎಣಿಸುವುದು ಸರಿಯಲ್ಲ. ತನ್ನ ಭೂಮಿಯನ್ನೇ ನಂಬಿ ಬಾಳಬೇಕೆಂದಿರುವವನಿಗೆ ಅದು ಉಪಯುಕ್ತವಾದ ವಿದ್ಯೆಯೇ ಸರಿ.

ಕಾಲೇಜನ್ನು ಪರೀಕ್ಷಿಸುವ ಬಗೆ

ಕಾಲೇಜಿನ ಯೋಗ್ಯತೆಯನ್ನು ಅದರ ಹೆಬ್ಬಾಗಿಲಿನಿಂದ ಅಳೆಯದೆ ಅದರ ಹೊಲದಿಂದ ಅಳೆಯತಕ್ಕದ್ದು. ಈ ಮಾತಿಗೆ ನಿದರ್ಶನಗಳು ನಮ್ಮಲ್ಲಿಯೇ ಇವೆ. ಮಂಡ್ಯದ ವಿ.ಸಿ. ಫಾರಂನ ಹೊಲಗಳಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಸಂಕರಮಾಡಿ ಇಂಡಾಫ್ ತಳಿಗಳನ್ನು ಪಡೆದರು. ಅದೇ ಫಾರಂನಿಂದ ೧೯೯೬ರಲ್ಲಿ ಕೆ.ಆರ್.ಎಚ್.-೨ ಎಂಬ ಸಂಕರಣ ಭತ್ತವು ಹೊರಬಂದಿತು. ಧಾರವಾಡದಲ್ಲಿ ಡಾ. ಕಟರಕಿಯವರು ೧೯೭೨ರಲ್ಲಿ ವರಲಕ್ಷ್ಮಿ ಎಂಬ ಸಂಕರಣ ಹತ್ತಿಯನ್ನು ಕೊಟ್ಟರು. ಇಂಥ ಕೆಲಸ ನಡೆದ ಹೊಲದಲ್ಲಿ ಓಡಾಡಿ ಕಲಿಯುವ ವಿದ್ಯಾರ್ಥಿಗೆ ಪುಸ್ತಕದಲ್ಲಿ ದೊರೆಯದ ಪಾಠವೊಂದು ದೊರೆಯುತ್ತದೆ. ಆದುದರಿಂದ ಪೋಷಕರು ಕಾಲೇಜಿಗೆ ಹೋದಾಗ ಈ ಕೆಳಗೆ ಕಂಡ ವಿಷಯಗಳನ್ನು ವಿಚಾರಿಸುವುದು ಅಪೇಕ್ಷಣೀಯ.

ಮೊದಲನೆಯದು, ಮಾನ್ಯತೆ. ಕಾಲೇಜಿಗೂ ಅದರ ಪದವಿಗೂ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಮಾನ್ಯತೆ ಇದೆಯೇ, ಇದ್ದರೆ ಅದು ಯಾವ ವರ್ಷದವರೆಗೆ ಎಂಬುದನ್ನು ಬಾಯಿಮಾತಿನಲ್ಲಿ ಕೇಳದೆ ಕಾಗದದಲ್ಲಿ ನೋಡಬೇಕು. ಪಶುವೈದ್ಯಕೀಯಕ್ಕಾದರೆ ಭಾರತೀಯ ಪಶುವೈದ್ಯಕೀಯ ಪರಿಷತ್ತಿನ ಮನ್ನಣೆ ಅವಶ್ಯ. ಮಾನ್ಯತೆಯಿಲ್ಲದ ಕಡೆ ಓದಿದವರಿಗೆ ಮುಂದೆ ಉನ್ನತ ವ್ಯಾಸಂಗಕ್ಕೂ ಉದ್ಯೋಗಕ್ಕೂ ತೊಡಕುಂಟಾಗಬಹುದು. ಪರ ಊರುಗಳಲ್ಲಿ ಹೊಸದಾಗಿ ಹುಟ್ಟಿಕೊಂಡ ಖಾಸಗಿ ಸಂಸ್ಥೆಗಳ ವಿಷಯದಲ್ಲಿ ಈ ಎಚ್ಚರಿಕೆಯು ಇಮ್ಮಡಿಯಾಗಿರಬೇಕು.

ಎರಡನೆಯದು, ಭೂಮಿ. ಕಾಲೇಜಿಗೆ ಎಷ್ಟು ಎಕರೆ ಸಾಗುವಳಿ ಭೂಮಿ ಇದೆ? ನೀರಿನ ಆಧಾರವೇನು? ವಿದ್ಯಾರ್ಥಿಗಳಿಗೆ ತಾವೇ ಬಿತ್ತಿ ಕೊಯ್ಯುವುದಕ್ಕೆ ಮಡಿಗಳನ್ನು ಕೊಡುತ್ತಾರೆಯೇ, ಇಲ್ಲವೇ ದೂರದಿಂದ ತೋರಿಸಿ ಕಳುಹಿಸುತ್ತಾರೆಯೇ? ಮಡಿಯ ಬದುವಿನ ಮೇಲೆ ನಿಂತು ಒಮ್ಮೆ ನೋಡಿದರೆ ಒಕ್ಕಲು ಮಗನಿಗೆ ಇದರ ಉತ್ತರವು ಯಾರೂ ಹೇಳದೆಯೇ ತಿಳಿಯುತ್ತದೆ. ಕಳೆಯು ಎದೆಯೆತ್ತರ ಬೆಳೆದ ಹೊಲವನ್ನಿಟ್ಟುಕೊಂಡವರು ಕಳೆ ನಿರ್ವಹಣೆಯ ಪಾಠವನ್ನು ಹೇಗೆ ಹೇಳಿಯಾರು?

ಮೂರನೆಯದು, ಮಣ್ಣು. ಕಲಿತ ವಿದ್ಯೆಯನ್ನು ಯಾವ ನೆಲದಲ್ಲಿ ಪ್ರಯೋಗಿಸಬೇಕಾಗಿದೆಯೋ ಅಂಥ ನೆಲದ ಬಳಿಯಲ್ಲಿ ಕಲಿಯುವುದು ಲೇಸು. ಎರೆಭೂಮಿಯವರಿಗೆ ಧಾರವಾಡ, ವಿಜಯಪುರ, ರಾಯಚೂರು, ಕಲಬುರಗಿ. ಕೆಂಪುಮಣ್ಣಿನ ರಾಗಿ ಸೀಮೆಯವರಿಗೆ ಬೆಂಗಳೂರು, ಹಾಸನ. ಕಾಲುವೆ ನೀರಿನ ಭತ್ತ ಕಬ್ಬಿನವರಿಗೆ ಮಂಡ್ಯ. ಮಲೆನಾಡಿನವರಿಗೆ ಶಿವಮೊಗ್ಗ, ಮೂಡಿಗೆರೆ, ಶಿರಸಿ ಇವು ಹೊಂದುತ್ತವೆ. ಇದು ಕಡ್ಡಾಯವೆಂದು ಹೇಳುತ್ತಿಲ್ಲ. ಎರಡು ಕಾಲೇಜುಗಳು ಸಮವಾಗಿ ಕಂಡಲ್ಲಿ ತಕ್ಕಡಿಯನ್ನು ಬಾಗಿಸಲು ಇದು ಒಳ್ಳೆಯ ಕಾರಣವೆಂದು ಮಾತ್ರ ತಿಳಿಯತಕ್ಕದ್ದು.

ನಾಲ್ಕನೆಯದು, ಉಪಾಧ್ಯಾಯರು. ಮಂಜೂರಾದ ಹುದ್ದೆಗಳೆಷ್ಟು, ಅವುಗಳಲ್ಲಿ ಭರ್ತಿಯಾಗಿರುವುವೆಷ್ಟು ಎಂದು ಕೇಳಬೇಕು. ಪಟ್ಟಿಯಲ್ಲಿ ಹೆಸರಿದ್ದು ತರಗತಿಯಲ್ಲಿ ಮುಖವಿಲ್ಲದಿದ್ದರೆ ಪ್ರಯೋಜನವಿಲ್ಲ. ಈ ವಿಷಯದಲ್ಲಿ ಕಚೇರಿಯವರಿಗಿಂತ ಕೊನೆಯ ವರ್ಷದ ವಿದ್ಯಾರ್ಥಿಗಳ ಮಾತು ಹೆಚ್ಚು ನಂಬತಕ್ಕದ್ದು.

ಐದನೆಯದು, ಗ್ರಾಮವಾಸ. ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಕೆಲವು ತಿಂಗಳು ಹಳ್ಳಿಯೊಂದರಲ್ಲಿ ನೆಲೆಸಿ, ರೈತರೊಡನೆ ದುಡಿದು, ಗ್ರಾಮೀಣ ಕೃಷಿ ಕಾರ್ಯಾನುಭವವನ್ನು ಪಡೆಯಬೇಕೆಂಬ ಏರ್ಪಾಡು ಇದೆ. ಕಾಲೇಜು ಇದನ್ನು ಶ್ರದ್ಧೆಯಿಂದ ನಡೆಸುತ್ತದೆಯೇ ಎಂಬುದನ್ನು ತಿಳಿಯಲು ಸುಲಭವಾದ ಉಪಾಯವುಂಟು. ಅವರ ವಿದ್ಯಾರ್ಥಿಗಳು ಹಿಂದಿನ ವರ್ಷ ಇದ್ದ ಹಳ್ಳಿಗೆ ಹೋಗಿ ಅಲ್ಲಿನ ಯಜಮಾನರನ್ನು ಕೇಳಬೇಕು. ಮಕ್ಕಳು ಬೆಳಗ್ಗೆ ಹೊಲದಲ್ಲಿದ್ದರೋ, ಇಲ್ಲವೇ ಕಡೆಯ ದಿನ ಬಂದು ಚಿತ್ರ ತೆಗೆಯಿಸಿಕೊಂಡು ಹೋದರೋ ಎಂಬುದನ್ನು ಅವರು ಮುಚ್ಚುಮರೆಯಿಲ್ಲದೆ ಹೇಳುವರು.

ಆರನೆಯದು, ವಸತಿ ಮತ್ತು ಖರ್ಚು. ವಿದ್ಯಾರ್ಥಿ ನಿಲಯದಲ್ಲಿ ಸ್ಥಳವಿದೆಯೇ, ಹೆಣ್ಣುಮಕ್ಕಳಿಗೆ ಪ್ರತ್ಯೇಕವಾಗಿ ಸುರಕ್ಷಿತವಾದ ನಿಲಯವಿದೆಯೇ, ಊಟದ ಖರ್ಚು ತಿಂಗಳಿಗೆ ಎಷ್ಟಾಗುತ್ತದೆ, ಶುಲ್ಕದ ಹೊರತು ಪ್ರವಾಸ, ಉಪಕರಣ ಮತ್ತು ಗ್ರಾಮವಾಸದ ವೆಚ್ಚಗಳೇನು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ನಾಲ್ಕು ವರ್ಷಕ್ಕೆ ಗುಣಿಸಿ ನೋಡಬೇಕು. ಮೊದಲ ವರ್ಷದ ಶುಲ್ಕವನ್ನು ಮಾತ್ರ ಲೆಕ್ಕಹಾಕಿ ಮೂರನೆಯ ವರ್ಷದಲ್ಲಿ ಜಮೀನನ್ನು ಒತ್ತೆಯಿಡುವ ಸ್ಥಿತಿಯು ಯಾರಿಗೂ ಬರಬಾರದು.

ಕೃಷಿ ಮೇಳಗಳ ಕಾಲದಲ್ಲಿ ಕಾಲೇಜಿಗೆ ಹೋದರೆ ಒಂದೇ ದಿನದಲ್ಲಿ ಬಹಳ ವಿಷಯಗಳನ್ನು ನೋಡಬಹುದು. ಆದಾಗ್ಯೂ ಮೇಳದ ದಿನ ಮನೆಯೆಲ್ಲಾ ಸಾರಿಸಿ ರಂಗೋಲೆಯಿಟ್ಟಿರುತ್ತದೆ. ಸಾಮಾನ್ಯವಾದ ಒಂದು ದಿನದಲ್ಲಿ, ಹೇಳದೆ ಕೇಳದೆ, ಮತ್ತೊಂದು ಸಲ ಹೋಗಿ ನೋಡುವುದು ಜಾಣತನ.

ಸಿದ್ಧತೆಯು ಎಂದಿನಿಂದ

ಪ್ರವೇಶದ ಸಿದ್ಧತೆಯು ಪಿ.ಯು.ಸಿ. ಮುಗಿದ ಮೇಲೆ ಎಂದು ತಿಳಿದಿರುವವರು ಅನೇಕರು. ಇದು ದೊಡ್ಡ ತಪ್ಪು. ಎಸ್.ಎಸ್.ಎಲ್.ಸಿ. ಆದ ಕೂಡಲೇ ವಿಷಯಗಳನ್ನು ಆರಿಸುವಾಗಲೇ ಅರ್ಧ ದಾರಿಯು ತೀರ್ಮಾನವಾಗಿ ಹೋಗುತ್ತದೆ. ಕೃಷಿ ಸಂಬಂಧವಾದ ಪದವಿಗಳಿಗೆ ಪಿ.ಯು.ಸಿ.ಯಲ್ಲಿ ವಿಜ್ಞಾನ ವಿಷಯಗಳು ಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳ ಜೊತೆಗೆ ಗಣಿತವನ್ನೂ ಓದಿದ ವಿದ್ಯಾರ್ಥಿಗೆ ಕೃಷಿ, ಪಶುವೈದ್ಯಕೀಯ ಮತ್ತು ಕೃಷಿ ಇಂಜಿನಿಯರಿಂಗ್ ಈ ಎಲ್ಲ ಕಡೆಗಳಿಗೂ ಬಾಗಿಲು ತೆರೆದಿರುತ್ತದೆ. ಒಂದನ್ನು ಬಿಟ್ಟರೆ ಒಂದು ಬಾಗಿಲು ಮುಚ್ಚಿಹೋಗಬಹುದು.

ಇನ್ನು ಕಾಗದಪತ್ರಗಳ ವಿಷಯ. ನಮ್ಮ ರಾಜ್ಯದಲ್ಲಿ ಹಳ್ಳಿಯ ಮಕ್ಕಳಿಗೂ ರೈತರ ಮಕ್ಕಳಿಗೂ ಸರ್ಕಾರವು ಕೆಲವು ಸೌಲಭ್ಯಗಳನ್ನು ಕಲ್ಪಿಸಿದೆ. ಇವು ಕೇಳದೆ ಬರುವುವಲ್ಲ. ದಾಖಲೆಯಿಂದ ಸಿದ್ಧಪಡಿಸಿದವರಿಗೆ ಮಾತ್ರ ದೊರೆಯತಕ್ಕವು.

ಒಂದರಿಂದ ಹತ್ತನೆಯ ತರಗತಿಯವರೆಗೆ ಪೂರ್ತಿಯಾಗಿ ಹತ್ತು ವರ್ಷವೂ ಗ್ರಾಮಾಂತರ ಪ್ರದೇಶದ ಶಾಲೆಗಳಲ್ಲಿ ಓದಿದವರಿಗೆ ಶೇಕಡಾ ೧೫ರಷ್ಟು ಸ್ಥಾನಗಳೂ, ಆ ಹತ್ತು ವರ್ಷವೂ ಕನ್ನಡ ಮಾಧ್ಯಮದಲ್ಲಿಯೇ ಓದಿದವರಿಗೆ ಶೇಕಡಾ ೫ರಷ್ಟು ಸ್ಥಾನಗಳೂ ಮೀಸಲಾಗಿವೆ. ಇವಕ್ಕೆ ಓದಿದ ಪ್ರತಿಯೊಂದು ಶಾಲೆಯ ಮುಖ್ಯೋಪಾಧ್ಯಾಯರ ವ್ಯಾಸಂಗ ಪತ್ರವು ಬೇಕು. ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಆಗಿರಬೇಕು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಈ ೭ ಜಿಲ್ಲೆಗಳವರಿಗೆ ಸಂವಿಧಾನದ ೩೭೧-ಜೆ ವಿಧಿಯಂತೆ, ಆ ಪ್ರಾಂತದ ಸಂಸ್ಥೆಗಳಲ್ಲಿ ಶೇಕಡಾ ೭೦ರಷ್ಟೂ, ರಾಜ್ಯದ ಉಳಿದ ಸಂಸ್ಥೆಗಳಲ್ಲಿ ಶೇಕಡಾ ೮ರಷ್ಟೂ ಸ್ಥಾನಗಳಿವೆ. ಇದಕ್ಕೆ ಉಪವಿಭಾಗಾಧಿಕಾರಿಗಳಿಂದ ಅರ್ಹತಾ ಪತ್ರವನ್ನು ಪಡೆಯಬೇಕು. ಜಾತಿ ಮತ್ತು ಆದಾಯದ ಪತ್ರಗಳು ತಹಶೀಲ್ದಾರರ ಕಚೇರಿಯಿಂದ ಬರತಕ್ಕವು.

ಇವೆಲ್ಲಕ್ಕಿಂತಲೂ ನಮ್ಮ ವಾಚಕರಿಗೆ ಮುಖ್ಯವಾದುದು ವ್ಯವಸಾಯಗಾರರ ಮಕ್ಕಳ ಮೀಸಲಾತಿ. ಕೃಷಿ ಪದವಿಗಳಲ್ಲಿ ರೈತರ ಮಕ್ಕಳಿಗೆ ಇದ್ದ ಶೇಕಡಾ ೪೦ರ ಮೀಸಲನ್ನು ೨೦೨೨ರಲ್ಲಿ ಶೇಕಡಾ ೫೦ಕ್ಕೆ ಏರಿಸಲಾಯಿತು. ಇದನ್ನು ಪಡೆಯಲು ವ್ಯವಸಾಯಗಾರರ ಕುಟುಂಬದವರೆಂಬ ದೃಢೀಕರಣವನ್ನು ನಿಗದಿಯಾದ ನಮೂನೆಯಲ್ಲಿ ತಾಲ್ಲೂಕು ಕಚೇರಿಯಿಂದ ತರಬೇಕು. ಇಲ್ಲಿಯೇ ಬಹಳ ಮಂದಿ ಎಡವುತ್ತಾರೆ. ಒಂದು ಉದಾಹರಣೆಯನ್ನು ಭಾವಿಸೋಣ. ಎಂಟು ಎಕರೆ ಜಮೀನಿನ ರೈತನೊಬ್ಬನು ಊರಿನ ಯಜಮಾನರ ಬಳಿಗೆ ಬಂದು ಹೀಗೆನ್ನುತ್ತಾನೆ:

“ಗೌಡರೇ, ಮಗಳಿಗೆ ಒಳ್ಳೆಯ ಅಂಕಗಳು ಬಂದಿವೆ. ಕೃಷಿ ಕಾಲೇಜಿಗೆ ಸೇರಿಸೋಣವೆಂದಿದ್ದೇನೆ. ನಾಡಕಚೇರಿಗೆ ಹೋದರೆ ಪಹಣಿಯಲ್ಲಿ ನಿಮ್ಮ ಹೆಸರೇ ಇಲ್ಲವಲ್ಲಾ ಎನ್ನುತ್ತಾರೆ.”

“ನಿಮ್ಮ ತಂದೆಯವರು ತೀರಿಕೊಂಡು ಎಷ್ಟು ವರ್ಷವಾಯಿತಪ್ಪಾ?”

“ಹನ್ನೊಂದು ವರ್ಷ.”

“ಹನ್ನೊಂದು ವರ್ಷದಿಂದ ಪೌತಿ ಖಾತೆಯನ್ನು ಮಾಡಿಸದೆ ಕೂತೆಯಾ? ಉಳುಮೆ ಮಾಡುವವನು ನೀನು. ಕಾಗದದಲ್ಲಿ ಇನ್ನೂ ನಿಮ್ಮ ತಂದೆಯವರೇ ಉಳುತ್ತಿದ್ದಾರೆ. ಮಗಳ ಶಾಲೆಯದಾದರೂ ಸರಿಯಾಗಿದೆಯೋ?”

“ಎಲ್ಲಾ ನಮ್ಮೂರಿನ ಶಾಲೆಯೇ, ಗೌಡರೇ. ಐದನೆಯ ತರಗತಿ ಒಂದು ವರ್ಷ ಮಾತ್ರ ಅವರ ಸೋದರಮಾವನ ಮನೆಯಲ್ಲಿದ್ದುಕೊಂಡು ಪಟ್ಟಣದಲ್ಲಿ ಓದಿದಳು.”

ಇಂಥ ಸಂದರ್ಭದಲ್ಲಿ ಯಜಮಾನರಾದವರು ಏನು ಹೇಳಬಲ್ಲರು? ಪಟ್ಟಣದ ಆ ಒಂದು ವರ್ಷದಿಂದ ಗ್ರಾಮಾಂತರದ ಮೀಸಲು ಕೈಬಿಟ್ಟಿತು. ಖಾತೆಯ ತೊಡಕಿನಿಂದ ರೈತರ ಮಕ್ಕಳ ಮೀಸಲೂ ಅಪಾಯದಲ್ಲಿದೆ. ಒಂಬತ್ತು ವರ್ಷ ಹಳ್ಳಿಯಲ್ಲಿ ಓದಿ, ದನ ಕಾಯ್ದು, ಕಳೆ ಕಿತ್ತು ಬೆಳೆದ ಮಗುವು ಕಾಗದದ ಲೆಕ್ಕದಲ್ಲಿ ಹಳ್ಳಿಯದೂ ಆಗಲಿಲ್ಲ, ರೈತನದೂ ಆಗಲಿಲ್ಲ. ಈ ನಷ್ಟಕ್ಕೆ ಮಗಳ ಬುದ್ಧಿಯಾಗಲಿ ಶ್ರಮವಾಗಲಿ ಕಾರಣವಲ್ಲವೆಂಬುದನ್ನು ಗಮನಿಸತಕ್ಕದ್ದು. ಪಹಣಿ, ಶಾಲಾ ದಾಖಲೆ, ಆಧಾರ್ ಇವುಗಳಲ್ಲಿ ತಂದೆಯ ಹೆಸರೂ ಮಗುವಿನ ಹೆಸರೂ ಒಂದೇ ರೀತಿಯಾಗಿ ಇವೆಯೇ ಎಂಬುದನ್ನೂ ಮಗುವು ಎಂಟನೆಯ ತರಗತಿಯಲ್ಲಿರುವಾಗಲೇ ನೋಡಿಕೊಂಡರೆ, ತಿದ್ದಿಸಿಕೊಳ್ಳಲು ಬೇಕಾದಷ್ಟು ಕಾಲವಿರುತ್ತದೆ.

ಬರವಣಿಗೆಯ ಪರೀಕ್ಷೆಯೂ ಹೊಲದ ಪರೀಕ್ಷೆಯೂ

ಪ್ರವೇಶವನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುತ್ತದೆ. ಅರ್ಜಿಯನ್ನು ಸಾಮಾನ್ಯವಾಗಿ ವರ್ಷದ ಮೊದಲ ತಿಂಗಳುಗಳಲ್ಲಿ ಕಂಪ್ಯೂಟರಿನ ಮೂಲಕ ಸಲ್ಲಿಸಬೇಕು. ಸಿ.ಇ.ಟಿ. ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆಯು ಈಚಿನ ವರ್ಷಗಳಲ್ಲಿ ಏಪ್ರಿಲ್ ತಿಂಗಳಲ್ಲಿ ನಡೆದಿದೆ. ಒಂದೊಂದು ವಿಷಯಕ್ಕೆ ೬೦ ಪ್ರಶ್ನೆಗಳು, ೬೦ ಅಂಕಗಳು, ೮೦ ನಿಮಿಷಗಳು. ತಪ್ಪು ಉತ್ತರಕ್ಕೆ ಅಂಕವನ್ನು ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಬಿಡದೆ ಗುರುತುಮಾಡಿ ಬರಬೇಕೆಂದು ಮಕ್ಕಳಿಗೆ ಹೇಳಿ ಕಳುಹಿಸಬೇಕು. ಪಿ.ಯು.ಸಿ. ಅಂಕಗಳೂ ಶ್ರೇಣಿಯ ಲೆಕ್ಕಕ್ಕೆ ಸೇರುವುದರಿಂದ, ಸಿ.ಇ.ಟಿ.ಯೊಂದನ್ನೇ ನಂಬಿ ತರಗತಿಯ ಪಾಠವನ್ನು ಅಲಕ್ಷ್ಯಮಾಡುವುದು ತರವಲ್ಲ.

ವ್ಯವಸಾಯಗಾರರ ಮೀಸಲನ್ನು ಕೋರಿದವರಿಗೆ ಇದಲ್ಲದೆ ಪ್ರಾಯೋಗಿಕ ಪರೀಕ್ಷೆಯೊಂದು ಇದೆ. ಬೀಜಗಳು, ಗೊಬ್ಬರಗಳು, ಉಪಕರಣಗಳು, ಬೆಳೆಗಳು ಮುಂತಾದುವನ್ನು ಮುಂದಿಟ್ಟು ಗುರುತಿಸುವಂತೆ ಕೇಳಿ, ವ್ಯವಸಾಯದ ನಿತ್ಯದ ಕೆಲಸಗಳ ಪರಿಚಯವನ್ನು ಪರೀಕ್ಷಿಸುತ್ತಾರೆ. ಇದರ ಅಂಕಗಳೂ ಆ ಮೀಸಲಿನ ಶ್ರೇಣಿಗೆ ಸೇರುತ್ತವೆ. ರೈತನ ಮಕ್ಕಳಿಗೆ ಇದು ಸುಲಭವಲ್ಲವೇ ಎಂದು ಕೇಳಬಹುದು. ಈಗಿನ ಕಾಲದಲ್ಲಿ ಹಾಗೆ ಹೇಳುವುದು ಕಷ್ಟ. ‘ಓದುವ ಹುಡುಗ, ಹೊಲಕ್ಕೆ ಏಕೆ’ ಎಂದು ತಂದೆತಾಯಿಗಳೇ ಮಕ್ಕಳನ್ನು ಹೊಲದಿಂದ ದೂರವಿಟ್ಟಿರುವುದರಿಂದ, ಸಾಮೆಗೂ ನವಣೆಗೂ ವ್ಯತ್ಯಾಸವನ್ನು ತಿಳಿಯದ, ಕೂರಿಗೆಯ ತಾಳುಗಳನ್ನು ಎಣಿಸಿ ನೋಡದ ಒಕ್ಕಲು ಮಕ್ಕಳು ಹಲವರಿದ್ದಾರೆ. ಕೈ ಕೆಸರಾದರೆ ಬಾಯಿ ಮೊಸರೆಂಬ ಗಾದೆಯು ಈ ಪರೀಕ್ಷೆಯಲ್ಲಿ ಅಕ್ಷರಶಃ ನಿಜವಾಗುತ್ತದೆ. ರಜೆಯ ದಿನಗಳಲ್ಲಿ ಮಗುವನ್ನು ಜೊತೆಗೆ ಕರೆದುಕೊಂಡು ಹೋಗಿ, ಈ ಬೀಜ ಯಾವುದು, ಎಕರೆಗೆ ಎಷ್ಟು ಸೇರು ಬೇಕು, ಈ ಎಲೆಯ ಮೇಲಿನ ಹುಳು ಯಾವುದು, ಯೂರಿಯವನ್ನು ಎಂದು ಹಾಕುತ್ತೇವೆ, ಏಕೆ ಹಾಕುತ್ತೇವೆ ಎಂದು ಮಾತಿನ ನಡುವೆ ಹೇಳುತ್ತ ಬಂದರೆ ಬೇರೆ ತರಬೇತಿಯೇ ಬೇಡ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೂ ರೈತ ಸಂಪರ್ಕ ಕೇಂದ್ರಕ್ಕೂ ಒಮ್ಮೆ ಕರೆದುಕೊಂಡು ಹೋಗಿ ತೋರಿಸುವುದು ಒಳ್ಳೆಯದು.

ಹೊರ ರಾಜ್ಯದಲ್ಲಿ ಓದಲು ಇಚ್ಛಿಸುವವರಿಗೆ ಮತ್ತೊಂದು ಮಾರ್ಗವುಂಟು. ಕೃಷಿ ವಿಶ್ವವಿದ್ಯಾನಿಲಯಗಳ ಪದವಿ ಸ್ಥಾನಗಳಲ್ಲಿ ಶೇಕಡಾ ೨೦ನ್ನು ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಅಖಿಲ ಭಾರತ ಮಟ್ಟದಲ್ಲಿ ತುಂಬುತ್ತದೆ. ೨೦೨೩ರಿಂದೀಚೆಗೆ ಇದಕ್ಕೆ ಸಿ.ಯು.ಇ.ಟಿ. ಎಂಬ ರಾಷ್ಟ್ರೀಯ ಪರೀಕ್ಷೆಯ ಅಂಕಗಳನ್ನು ಪರಿಗಣಿಸುತ್ತಾರೆ. ಈ ಮಾರ್ಗದಿಂದ ಪರರಾಜ್ಯಕ್ಕೆ ಹೋದವರಿಗೆ ರಾಷ್ಟ್ರೀಯ ಪ್ರತಿಭಾ ವಿದ್ಯಾರ್ಥಿವೇತನವೂ ಉಂಟು. ಪಶುವೈದ್ಯಕೀಯದ ಅಖಿಲ ಭಾರತ ಸ್ಥಾನಗಳಾದರೋ ಶೇಕಡಾ ೧೫. ಅವಕ್ಕೆ ನೀಟ್ ಪರೀಕ್ಷೆಯನ್ನು ಬರೆದಿರಬೇಕು.

ಇಚ್ಛೆಗಳ ಪಟ್ಟಿಯನ್ನು ಬರೆಯುವ ಕ್ರಮ

ಶ್ರೇಣಿಯು ಪ್ರಕಟವಾದ ಮೇಲೆ ತಮಗೆ ಬೇಕಾದ ಪದವಿ ಮತ್ತು ಕಾಲೇಜುಗಳನ್ನು ಒಂದು, ಎರಡು, ಮೂರು ಎಂದು ಕ್ರಮವಾಗಿ ಕಂಪ್ಯೂಟರಿನಲ್ಲಿ ನಮೂದಿಸಬೇಕು. ಇಲ್ಲಿ ಮಾಡುವ ತಪ್ಪು ಬಹಳ ದುಬಾರಿಯಾದುದು. ಯಂತ್ರವು ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ, ಶ್ರೇಣಿಗೆ ಮೊದಲು ಎಟುಕಿದ ಸ್ಥಾನವನ್ನು ಕೊಟ್ಟುಬಿಡುತ್ತದೆ. ಅದರ ಕೆಳಗಿನವುಗಳು ರದ್ದಾಗುತ್ತವೆ. ಆದಕಾರಣ ‘ಇದು ಸಿಕ್ಕೀತು’ ಎಂಬ ಊಹೆಯಿಂದ ಕೆಳಗಿನದನ್ನು ಮೇಲೆ ಬರೆಯದೆ, ಮನಸ್ಸಿಗೆ ನಿಜವಾಗಿ ಯಾವುದು ಹೆಚ್ಚು ಬೇಕೋ ಅದನ್ನೇ ಮೇಲೆ ಬರೆಯತಕ್ಕದ್ದು. ಮೇಲಿನದು ಸಿಕ್ಕದಿದ್ದರೆ ಕೆಳಗಿನದಕ್ಕೆ ಯಾವ ಬಾಧಕವೂ ಇಲ್ಲ. ಎರಡು ಮೂರು ಹೆಸರುಗಳನ್ನು ಮಾತ್ರ ಬರೆದು ನಿಲ್ಲಿಸುವುದೂ ತಪ್ಪು. ಹೋಗಲು ಒಪ್ಪುವ ಕಾಲೇಜುಗಳನ್ನೆಲ್ಲ ಬರೆಯಬೇಕು. ಸಿಕ್ಕರೂ ಹೋಗಲಾರೆವೆಂಬ ಕಾಲೇಜನ್ನು ಮಾತ್ರ ಬರೆಯಲೇಬಾರದು.

ಮೊದಲು ಅಣಕು ಹಂಚಿಕೆಯೊಂದು ಪ್ರಕಟವಾಗುತ್ತದೆ. ಅದನ್ನು ನೋಡಿಕೊಂಡು ಪಟ್ಟಿಯನ್ನು ತಿದ್ದಲು ಅವಕಾಶ ಕೊಡುತ್ತಾರೆ. ಬಳಿಕ ನಿಜವಾದ ಹಂಚಿಕೆಯಾದ ಮೇಲೆ ಸಾಮಾನ್ಯವಾಗಿ ನಾಲ್ಕು ಬಗೆಯ ಉತ್ತರಗಳಿಗೆ ಅವಕಾಶವಿರುತ್ತದೆ: ಸಿಕ್ಕಿದ್ದನ್ನು ಒಪ್ಪಿ ಸೇರುವುದು, ಅದನ್ನು ಉಳಿಸಿಕೊಂಡು ಮುಂದಿನ ಸುತ್ತಿನಲ್ಲಿ ಮೇಲಿನದನ್ನು ನಿರೀಕ್ಷಿಸುವುದು, ಅದನ್ನು ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ನಿಲ್ಲುವುದು, ಪೂರ್ತಿಯಾಗಿ ಹೊರಬರುವುದು. ಎರಡನೆಯದನ್ನು ಆರಿಸಿದವನಿಗೆ ಮೇಲಿನದು ಸಿಕ್ಕಿದರೆ ಹಿಂದಿನದು ತಾನಾಗಿ ಹೋಗುತ್ತದೆ. ಸಿಕ್ಕದಿದ್ದರೆ ಕೈಯಲ್ಲಿರುವುದು ಉಳಿಯುತ್ತದೆ. ಮೂರನೆಯದನ್ನು ಆರಿಸಿದವನ ಕೈಯಲ್ಲಾದರೋ ಏನೂ ಉಳಿಯುವುದಿಲ್ಲ. ಈ ಭೇದವನ್ನು ತಿಳಿಯದೆ, ಸೈಬರ್ ಅಂಗಡಿಯವನು ಒತ್ತಿದ ಗುಂಡಿಯನ್ನೇ ನಂಬಿ, ಕೈಯಲ್ಲಿದ್ದ ಸ್ಥಾನವನ್ನು ಕಳೆದುಕೊಳ್ಳುವ ಸಂಭವವಿದೆ. ಆದುದರಿಂದ ವಿದ್ಯಾರ್ಥಿಯೂ ಪೋಷಕನೂ ಜೊತೆಯಲ್ಲಿ ಕುಳಿತು, ತಾವೇ ಓದಿ, ತಾವೇ ಒತ್ತಿ, ಅಚ್ಚಾದ ಪ್ರತಿಯನ್ನು ಪಡೆದುಕೊಂಡು ಏಳಬೇಕು. ಗುಪ್ತಪದವನ್ನು ಯಾರಿಗೂ ಹೇಳಕೂಡದು. ನಿಯಮಗಳೂ ತಾರೀಖುಗಳೂ ವರ್ಷ ವರ್ಷಕ್ಕೆ ಕೊಂಚ ಬದಲಾಗುವುದರಿಂದ ಆಯಾ ವರ್ಷದ ಪ್ರಾಧಿಕಾರದ ಪ್ರಕಟಣೆಯೇ ಪ್ರಮಾಣವೆಂದು ತಿಳಿಯತಕ್ಕದ್ದು.

ದಲ್ಲಾಳಿಗಳ ವಿಷಯ

ಫಲಿತಾಂಶದ ಕಾಲಕ್ಕೆ ಸರಿಯಾಗಿ, ಮಳೆಯ ಹಿಂದೆ ಬರುವ ಹುಳುಗಳಂತೆ, ‘ಸೀಟು ಕೊಡಿಸುತ್ತೇವೆ’ ಎಂಬವರು ಹಳ್ಳಿಗಳಲ್ಲಿ ಕಾಣಿಸಿಕೊಳ್ಳುವುದುಂಟು. ಶ್ರೇಣಿ ಮತ್ತು ಮೀಸಲಾತಿಗೆ ಅನುಸಾರವಾಗಿ ಹಂಚುವ ಸರ್ಕಾರದ ಸ್ಥಾನವನ್ನು ಯಾರೂ ಕೊಡಿಸಲಾರರು, ತಪ್ಪಿಸಲಾರರು. ದುಡ್ಡನ್ನು ಕೇಳುವವನು ಪರಸ್ಥಳದ ಮಾನ್ಯತೆಯಿಲ್ಲದ ಸಂಸ್ಥೆಗೆ ಸೇರಿಸುವನು, ಇಲ್ಲವೇ ದುಡ್ಡಿನೊಡನೆ ಮಾಯವಾಗುವನು. ಮೂಲ ಅಂಕಪಟ್ಟಿಗಳನ್ನು ಇಂಥವರ ಕೈಯಲ್ಲಿ ಎಂದೂ ಕೊಡಕೂಡದು.

ಯಜಮಾನರ ಕರ್ತವ್ಯ

ಮೇಲೆ ಹೇಳಿದವುಗಳಲ್ಲಿ ಬಹುಭಾಗವು ಒಬ್ಬ ರೈತನು ಒಂಟಿಯಾಗಿ ಮಾಡಿಕೊಳ್ಳಲು ಕಷ್ಟವಾದುದು. ಗ್ರಾಮದ ಯಜಮಾನರು ಮನಸ್ಸು ಮಾಡಿದರೆ ಸುಲಭವಾದುದು. ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಊರಿನಲ್ಲಿ ಎಂಟನೆಯ ತರಗತಿಯಿಂದ ಮೇಲೆ ಓದುತ್ತಿರುವ ಮಕ್ಕಳ ತಂದೆತಾಯಿಗಳನ್ನು ಶಾಲೆಯಲ್ಲಿ ಸೇರಿಸಿ, ಮುಖ್ಯೋಪಾಧ್ಯಾಯರನ್ನೂ ಗ್ರಾಮ ಆಡಳಿತಾಧಿಕಾರಿಯನ್ನೂ ಕರೆಯಿಸಿ, ಯಾರ ಖಾತೆಯು ಸರಿಯಾಗಿಲ್ಲ, ಯಾರ ಹೆಸರಿನಲ್ಲಿ ತಪ್ಪಿದೆ ಎಂಬುದನ್ನು ಒಂದು ಪಟ್ಟಿ ಮಾಡಿದರೆ ಅರ್ಧ ದಿನದ ಕೆಲಸ. ಕಾಲೇಜಿನಲ್ಲಿ ಓದುತ್ತಿರುವ ಊರಿನ ಹುಡುಗ ಹುಡುಗಿಯರು ರಜೆಗೆ ಬಂದಾಗ ಅವರಿಂದ ನಾಲ್ಕು ಮಾತು ಹೇಳಿಸಬಹುದು. ಕಾಲೇಜಿನಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯುವುದರಿಂದ ಕನ್ನಡದಲ್ಲಿ ಓದಿದ ಮಕ್ಕಳು ಮೊದಲ ವರ್ಷ ಅಂಜುತ್ತಾರೆ. ಹಿರಿಯ ವಿದ್ಯಾರ್ಥಿಯೊಬ್ಬನ ‘ಆರು ತಿಂಗಳಲ್ಲಿ ಸರಿಹೋಗುತ್ತದೆ’ ಎಂಬ ಮಾತು ಅವರಿಗೆ ದೊಡ್ಡ ಬೆಂಬಲವಾಗುತ್ತದೆ.

ಹೆಣ್ಣುಮಕ್ಕಳ ವಿಷಯವಾಗಿಯೂ ಒಂದು ಮಾತು. ಕಳೆ, ನಾಟಿ, ಕೊಯಿಲು, ಬಿತ್ತನೆ ಬೀಜದ ಕಾಪು, ದನಗಳ ಆರೈಕೆ ಇವೆಲ್ಲ ನಮ್ಮ ಮನೆಗಳಲ್ಲಿ ಹೆಂಗಸರ ಕೈಯಲ್ಲಿಯೇ ಇವೆ. ರೈತರ ಮಕ್ಕಳೆಂದರೆ ಗಂಡುಮಕ್ಕಳು ಮಾತ್ರವೆಂದು ನಿಯಮದಲ್ಲಿ ಎಲ್ಲಿಯೂ ಬರೆದಿಲ್ಲ. ಬೀಜವನ್ನು ಬೂದಿಯಲ್ಲಿ ಕಲಸಿ ಮಡಕೆಯಲ್ಲಿ ಕಾಪಾಡುವುದನ್ನು ತಾಯಿಯಿಂದ ಕಲಿತ ಮಗಳು ಬೀಜಶಾಸ್ತ್ರವನ್ನು ಕಲಿಯಲು ಯಾವ ಮಗನಿಗೂ ಕಡಮೆಯಾದವಳಲ್ಲ.

ಕಡೆಯದಾಗಿ, ಮಗುವು ಪದವಿಯನ್ನು ಪಡೆದು ಊರಿಗೇ ಹಿಂತಿರುಗಬೇಕೆಂದು ಯಾರೂ ಕಟ್ಟುಮಾಡಲಾರರು. ಕೆಲವರು ಇಲಾಖೆಗೆ, ಕೆಲವರು ಬ್ಯಾಂಕಿಗೆ, ಕೆಲವರು ಸಂಶೋಧನೆಗೆ ಹೋಗುವರು; ಅದೂ ನಾಡಿನ ಸೇವೆಯೇ. ಆದರೆ ನೂರು ಮನೆಯ ಊರಿಗೆ ಒಬ್ಬರಾದರೂ ಮಣ್ಣಿನ ಪರೀಕ್ಷೆಯ ಚೀಟಿಯನ್ನು ಓದಿ ಹೇಳಬಲ್ಲವರು, ಅಂಗಡಿಯವನು ಕೊಟ್ಟ ಔಷಧವು ಈ ರೋಗಕ್ಕೆ ತಕ್ಕದ್ದೇ ಎಂದು ನಿರ್ಣಯಿಸಬಲ್ಲವರು ಇದ್ದರೆ, ಆ ಊರಿನವರು ವರ್ಷ ವರ್ಷವೂ ವ್ಯರ್ಥವಾಗಿ ಕಳೆಯುವ ಹಣವು ಊರಿನಲ್ಲಿಯೇ ಉಳಿಯುತ್ತದೆ. ಅಂಥ ಒಬ್ಬರು ನಮ್ಮ ನಡುವೆಯೇ ಎಂಟನೆಯ ತರಗತಿಯಲ್ಲಿ ಈ ಹೊತ್ತು ಓದುತ್ತಿರಬಹುದು. ಅವರ ತಂದೆಯ ಪಹಣಿಯು ಸರಿಯಾಗಿದೆಯೇ ಎಂಬುದನ್ನು ಈ ವಾರವೇ ವಿಚಾರಿಸಿ ನೋಡಬೇಕೆಂದು ನಮ್ಮ ಗ್ರಾಮಗಳ ಯಜಮಾನರನ್ನು ಪ್ರಾರ್ಥಿಸುತ್ತೇವೆ.